ಮೂಡದ ಹಲ್ಲಿನ ಹೊಣೆ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ ಎಂದೊಂದು ಹೆಸರುಂಟು. ಎರಡು ಸಲ ಹುಟ್ಟುವಂಥದು ಎಂದರ್ಥ. ಅಮರಕೋಶದಲ್ಲಿ ಈ ಒಂದು ಶಬ್ದದ ಪಂಕ್ತಿಯಲ್ಲಿ ಹಲ್ಲು, ಹಕ್ಕಿ, ಬ್ರಾಹ್ಮಣ ಮೂವರೂ ಭೇದವಿಲ್ಲದೆ ಕುಳಿತಿದ್ದಾರೆ. ಹಕ್ಕಿ ಒಮ್ಮೆ ಮೊಟ್ಟೆಯಾಗಿ, ಇನ್ನೊಮ್ಮೆ ಮರಿಯಾಗಿ ಹುಟ್ಟುತ್ತದೆ. ಬ್ರಾಹ್ಮಣನ ಎರಡನೆಯ ಹುಟ್ಟು ಉಪನಯನದಲ್ಲಿ. ಹಲ್ಲಿನದು ಆರೇಳು ವರ್ಷದ ಮೇಲೆ, ಹಾಲುಹಲ್ಲು ಬಿದ್ದ ಜಾಗದಲ್ಲಿ. ಇವರಲ್ಲಿ ಹಕ್ಕಿಗೆ ಈಗ ಹಲ್ಲೇ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆಯೇ ಅದು ಹಲ್ಲನ್ನು ಬಿಟ್ಟು ಕೊಕ್ಕನ್ನು ಹಿಡಿಯಿತು. ಅದಕ್ಕಾಗಿ ಯಾರೂ ಅದನ್ನು ಅಂಗಹೀನವೆಂದು ಕರೆದುದಿಲ್ಲ. ಆದರೆ ಮನುಷ್ಯನ ಬಾಯಲ್ಲಿ ಎರಡನೆಯ ಸಲ ಹುಟ್ಟದೆಯೇ ಉಳಿದ ಹಲ್ಲಿಗೆ ಏನೆನ್ನಬೇಕು? ಕೋಶಕಾರ ಅದಕ್ಕೊಂದು ಹೆಸರನ್ನು ಕೊಡಲಿಲ್ಲ. ಕೊಟ್ಟವರು ನಾವು. ‘ದೋಷ’ ಎಂದೆವು.

ಹಲ್ಲಿಲ್ಲದಿರುವುದು ನಮಗೇನೂ ಅಪರಿಚಿತ ಸಂಗತಿಯಲ್ಲ. ನಮ್ಮ ಗಣಪತಿಯೇ ಏಕದಂತ. ದಕ್ಷನ ಯಜ್ಞದಲ್ಲಿ ಹಲ್ಲುದುರಿಸಿಕೊಂಡ ಪೂಷನು ಅಂದಿನಿಂದ ಹಿಟ್ಟಿನ ಗಂಜಿಯನ್ನೇ ಉಂಡನಂತೆ. ಮುಪ್ಪಿನ ಬೊಚ್ಚುಬಾಯಿಯನ್ನಂತೂ, ಹಲ್ಲಿದ್ದಾಗ ಕಡಲೆಯಿಲ್ಲ ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆಯ ಮಾತೇ ಒಪ್ಪಿಕೊಂಡಿದೆ. ಆದರೆ ಇವೆಲ್ಲ ಇದ್ದು ಹೋದ ಹಲ್ಲಿನ ಕಥೆಗಳು. ಅಲ್ಲಿ ಮುರಿದವನೊಬ್ಬನಿದ್ದಾನೆ, ಇಲ್ಲವೆ ಕಾಲನ ಕೈವಾಡವಿದೆ. ದೂರು ಹೇಳಲು ಒಂದು ವಿಳಾಸ ಉಂಟು. ಮೊದಲಿಗೇ ಮೂಡದ ಹಲ್ಲಿಗೆ ಅಂಥ ವಿಳಾಸವಿಲ್ಲ. ವಿಳಾಸವಿಲ್ಲದ ದೂರು ಹತ್ತಿರದ ಮನೆಯ ಬಾಗಿಲನ್ನೇ ತಟ್ಟುವುದು ಲೋಕದ ರೂಢಿ. ನಮ್ಮಲ್ಲಿ ಅದು ತಟ್ಟುವುದು ಸಾಮಾನ್ಯವಾಗಿ ತಾಯಿಯ ಬಾಗಿಲನ್ನು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಇದಕ್ಕೂ ಒಂದು ಗಾದೆ ಸಿದ್ಧವಾಗಿದೆಯಲ್ಲ!

ವಿಷಯ ಎಷ್ಟು ಸಾಮಾನ್ಯವಾದುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬುದ್ಧಿಹಲ್ಲನ್ನು ಸೇರಿಸಿ ನಮಗೆ ಇರಬೇಕಾದ ಹಲ್ಲುಗಳು 32. ಐವರಲ್ಲಿ ಸುಮಾರು ಒಬ್ಬರಿಗೆ ನಾಲ್ಕು ಬುದ್ಧಿಹಲ್ಲುಗಳಲ್ಲಿ ಒಂದಾದರೂ ಹುಟ್ಟುವುದೇ ಇಲ್ಲ. ಅವರು ಇದನ್ನು ಕೊರತೆಯೆಂದು ಎಣಿಸುವುದಿಲ್ಲ. ಕೀಳಿಸುವ ನೋವೂ ಖರ್ಚೂ ತಪ್ಪಿತೆಂದು ಹಿಗ್ಗುತ್ತಾರೆ. ಬುದ್ಧಿಹಲ್ಲನ್ನು ಬಿಟ್ಟು ಎಣಿಸಿದರೂ, ನೂರು ಜನರಲ್ಲಿ ಸುಮಾರು ಆರು ಮಂದಿಗೆ ಒಂದೋ ಎರಡೋ ಹಲ್ಲು ಮೂಡಿರುವುದಿಲ್ಲ. ಹೆಚ್ಚಾಗಿ ಇಲ್ಲದೆ ಹೋಗುವುದು ಕೆಳದವಡೆಯ ಎರಡನೆಯ ಮುಂದವಡೆಹಲ್ಲು, ಇಲ್ಲವೆ ಮೇಲಿನ ಬಾಚಿಹಲ್ಲುಗಳಲ್ಲಿ ಪಕ್ಕದ್ದು. ಆರು ಅಥವಾ ಆರಕ್ಕಿಂತ ಹೆಚ್ಚು ಹಲ್ಲು ಇಲ್ಲದವರು ಸಾವಿರಕ್ಕೆ ಒಬ್ಬಿಬ್ಬರು. ಒಂದು ಹಲ್ಲೂ ಮೂಡದವರು ಅತಿ ವಿರಳ. ಎಷ್ಟೋ ಮಂದಿಗೆ ತಮ್ಮ ಬಾಯಲ್ಲಿ ಹೀಗೊಂದು ಖಾಲಿ ಜಾಗವಿದೆ ಎಂಬುದೇ ತಿಳಿದಿರುವುದಿಲ್ಲ. ಏಕೆಂದರೆ ಕೆಳಗಿನಿಂದ ದೂಡುವವರು ಬಾರದಿದ್ದರೆ ಹಾಲುಹಲ್ಲು ತನ್ನ ಪೀಠವನ್ನು ಬಿಟ್ಟೇಳುವುದಿಲ್ಲ. ಉತ್ತರಾಧಿಕಾರಿಯಿಲ್ಲದ ಮುದಿ ಅರಸನಂತೆ ನಲವತ್ತು ವರ್ಷದವರೆಗೂ ಕುಳಿತು ರಾಜ್ಯವಾಳಿದ ಹಾಲುಹಲ್ಲುಗಳು ಉಂಟು.

ಹಲ್ಲು ಹುಟ್ಟುವ ಬಗೆಯೇ ಒಂದು ಸೋಜಿಗ. ಗರ್ಭದಲ್ಲಿ ಶಿಶುವಿಗೆ ಸುಮಾರು ಆರು ವಾರವಾದಾಗ ದವಡೆಯಾಗಲಿರುವ ಎಡೆಯಲ್ಲಿ ಹೊರಪದರ ತುಸು ದಪ್ಪವಾಗುತ್ತದೆ. ಅದು ತನ್ನ ಕೆಳಗಿನ ಅಂಗಾಂಶಕ್ಕೆ ಒಂದು ರಾಸಾಯನಿಕ ಸಂದೇಶವನ್ನು ಕಳುಹುತ್ತದೆ. ಕೆಳಗಿನದು ಉತ್ತರ ಕೊಡುತ್ತದೆ. ಮೇಲಿನದು ಆ ಉತ್ತರವನ್ನು ಕೇಳಿ ಮೊಗ್ಗಾಗುತ್ತದೆ, ಆಮೇಲೆ ಟೊಪ್ಪಿಗೆಯಾಗುತ್ತದೆ, ಅನಂತರ ಗಂಟೆಯ ಆಕಾರ ತಾಳುತ್ತದೆ. ಮಾತಿಗೆ ಮಾತು ಕೊಡುತ್ತ ನಡೆಯುವ ಈ ಸಂವಾದದಲ್ಲಿ ಎಲ್ಲಿಯಾದರೂ ಒಂದು ಮಾತು ತಪ್ಪಿದರೆ ಮೊಗ್ಗು ಮೊಗ್ಗಿನಲ್ಲೇ ನಿಲ್ಲುತ್ತದೆ. ಆ ಮಾತುಗಳನ್ನು ಬರೆದಿಟ್ಟಿರುವ ಲಿಪಿಯೇ ಜೀನುಗಳು. 1996ರಲ್ಲಿ ಎಂಎಸ್ಎಕ್ಸ್-1 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಪಲ್ಲಟದಿಂದ ಒಂದು ಕುಟುಂಬದವರಿಗೆ ಎರಡನೆಯ ಮುಂದವಡೆಹಲ್ಲುಗಳೂ ಬುದ್ಧಿಹಲ್ಲುಗಳೂ ಇಲ್ಲದಾದುವೆಂದು ತಿಳಿದುಬಂತು. 2000ದಲ್ಲಿ ಪ್ಯಾಕ್ಸ್-9 ಎಂಬುದರ ಸರದಿ. ಅದು ಕೆಟ್ಟರೆ ಮುಖ್ಯವಾಗಿ ದವಡೆಹಲ್ಲುಗಳೇ ಇಲ್ಲವಾಗುತ್ತವೆ. ಅನಂತರ ಡಬ್ಲ್ಯುಎನ್‌ಟಿ-10ಎ ಎಂಬುದು ಇವೆಲ್ಲಕ್ಕಿಂತ ಹೆಚ್ಚು ಮಂದಿಯಲ್ಲಿ ಕಾರಣವಾಗಿ ಕಂಡುಬಂತು. ಇದರ ಒಂದು ಪ್ರತಿ ಮಾತ್ರ ಬದಲಾಗಿದ್ದರೆ ಏನೂ ಆಗದಿರಬಹುದು, ಅಥವಾ ಒಂದೆರಡು ಹಲ್ಲು ಇಲ್ಲವಾಗಬಹುದು. ತಂದೆಯಿಂದ ಬಂದುದೂ ತಾಯಿಯಿಂದ ಬಂದುದೂ ಎರಡೂ ಬದಲಾಗಿದ್ದರೆ ಬಾಯಿಯ ಬಹುಭಾಗ ಖಾಲಿಯಾಗಬಹುದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸೀಮೆಯವರು ಈ ಕೊನೆಯ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಇಷ್ಟೆಲ್ಲ ತಿಳಿಯುವುದಕ್ಕೆ ಬಹಳ ಮೊದಲೇ ನಮ್ಮ ದೇಶದ ಒಂದು ಕುಟುಂಬದ ಹಲ್ಲಿನ ವಿಚಾರ ಇಂಗ್ಲೆಂಡಿನವರೆಗೆ ಹೋಗಿತ್ತು. ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿಗಳನ್ನೂ ಬೆಳೆಸಿದ ಸಸ್ಯಗಳನ್ನೂ ಕುರಿತು ಬರೆದ ಗ್ರಂಥದ 1875ರ ಆವೃತ್ತಿಯಲ್ಲಿ, ಆಗ ನಮ್ಮೊಡನಿದ್ದ ಸಿಂಧ್ ಪ್ರಾಂತದ ಒಂದು ಹಿಂದೂ ಮನೆತನದ ಪ್ರಸ್ತಾಪ ಬರುತ್ತದೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ, ಎರಡು ದವಡೆಗೂ ಸೇರಿ, ನಾಲ್ಕು ಸಣ್ಣ ಬಾಚಿಹಲ್ಲುಗಳೂ ಎಂಟು ದವಡೆಹಲ್ಲುಗಳೂ ಮಾತ್ರ ಇದ್ದುವಂತೆ. ಮೈಮೇಲೆ ಕೂದಲು ಅಷ್ಟಕ್ಕಷ್ಟೆ. ಚಿಕ್ಕ ವಯಸ್ಸಿನಲ್ಲೇ ಬೋಳುತಲೆ. ಬೇಸಗೆ ಬಂತೆಂದರೆ ಚರ್ಮ ಒಣಗಿ ಹಿಂಸೆ. ಮನೆಯ ಹೆಣ್ಣುಮಕ್ಕಳಿಗೆ ಇದೊಂದೂ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಉಂಟು. ಗಂಡಸರಿಂದ ಮಾತ್ರ ಅವರ ಗಂಡುಮಕ್ಕಳಿಗೆ ಇಳಿಯುವುದಿಲ್ಲ. ಡಾರ್ವಿನ್ನನ ಕೈಗೆ ಒಗಟು ಬಂತು, ಬಿಡಿಸುವ ಕೀಲಿ ಬರಲಿಲ್ಲ. ಬಟಾಣಿಗಿಡಗಳಿಂದ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲನ ಲೇಖನ 1866ರಲ್ಲೇ ಅಚ್ಚಾಗಿದ್ದರೂ ಲೋಕ ಅದನ್ನು ಆಗ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇಂದು ಶಾಲೆಯ ಹುಡುಗನೂ ಆ ಒಗಟನ್ನು ಬಿಡಿಸಬಲ್ಲ. ಕಾರಣ ಇಡಿಎ ಎಂಬ ಜೀನು. ಇದು ಪತ್ತೆಯಾದುದೂ 1996ರಲ್ಲಿ. ಅದು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೂ ಇನ್ನೊಂದು ಮನೆವಾರ್ತೆಯನ್ನು ಮಟ್ಟಿಗೆ ಸಾಗಿಸುತ್ತದೆ. ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಹಲ್ಲು, ಕೂದಲು, ಉಗುರು, ಬೆವರಿನ ಗ್ರಂಥಿ ಇವೆಲ್ಲ ಭ್ರೂಣದ ಹೊರಪದರದ ಸಂತಾನ. ಆದುದರಿಂದ ಒಂದಕ್ಕೆ ಬಂದ ಕೊರತೆ ಉಳಿದವಕ್ಕೂ ಬಂತು. ಇಲ್ಲಿ ನಮ್ಮ ಚರಕಸಂಹಿತೆಯ ನೆನಪಾಗುತ್ತದೆ. ಅದರ ಶಾರೀರಸ್ಥಾನದಲ್ಲಿ ದೇಹದ ಯಾವ ಭಾಗ ಯಾರಿಂದ ಬರುತ್ತದೆ ಎಂಬ ಪಟ್ಟಿಯಿದೆ. ಕೂದಲು, ಉಗುರು, ಹಲ್ಲು ಮೂರನ್ನೂ ಅಲ್ಲಿ ಒಂದೆಡೆಗೆ ಸೇರಿಸಿದ್ದಾರೆ. ಒಂದೇ ಗುಂಪಿನವೆಂದು ಗುರುತಿಸಿದುದು ಬಹಳ ಜಾಣತನದ ಮಾತು. ಆದರೆ ಆ ಗುಂಪನ್ನು ಪಿತೃಜ, ಅಂದರೆ ತಂದೆಯಿಂದ ಬರುವುದು ಎಂದಿದ್ದಾರೆ. ಸಿಂಧಿನ ಗಂಡಸರ ಹಲ್ಲಿನ ಕೊರತೆ ಬಂದುದು ತಾಯಂದಿರಿಂದ. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ: ಬೀಜದ ಯಾವ ಭಾಗ ಕೆಟ್ಟಿರುತ್ತದೆಯೋ ಆ ಭಾಗಕ್ಕೆ ಸೇರಿದ ಅಂಗದಲ್ಲಿ ವಿಕಾರ ತೋರುತ್ತದೆ, ಇಡೀ ಮನುಷ್ಯನಲ್ಲಲ್ಲ. ವೈದ್ಯರು ಹೇಳಿದ ಈ ಮಾತಿನ ನೀತಿಯನ್ನು ಮನೆಯ ಹಿರಿಯರು ಕೇಳಿಸಿಕೊಳ್ಳಲಿಲ್ಲವೆಂದು ತೋರುತ್ತದೆ.

ಇನ್ನೊಂದು ವಿಷಯ. ಹೆಣ್ಣುಮಕ್ಕಳಿಗೆ ಏನೂ ಇರಲಿಲ್ಲವೆಂಬುದು ಡಾರ್ವಿನ್ನನಿಗೆ ಬಂದ ವರದಿ. ಇಂದಿನ ವೈದ್ಯರು ಅಷ್ಟು ನಿಶ್ಚಯವಾಗಿ ಹೇಳುವುದಿಲ್ಲ. ಇಂಥ ಜೀನನ್ನು ಹೊತ್ತ ಹೆಣ್ಣುಮಕ್ಕಳಲ್ಲಿ ಹಲವರಿಗೆ ಒಂದೆರಡು ಹಲ್ಲು ಇರುವುದಿಲ್ಲ, ಇಲ್ಲವೆ ಚಿಕ್ಕದಾಗಿ ಮೊನಚಾಗಿರುತ್ತವೆ. ಮೈ ಅಲ್ಲಲ್ಲಿ ಬೆವರುವುದಿಲ್ಲ. ಗಂಡಸರ ಬಾಯನ್ನು ಎಣಿಸಿದಷ್ಟು ಆಸಕ್ತಿಯಿಂದ ಹೆಂಗಸರ ಬಾಯನ್ನು ಯಾರೂ ಎಣಿಸಿರಲಿಕ್ಕಿಲ್ಲ. ಮನುಸ್ಮೃತಿ ವಧುವಿನ ಲಕ್ಷಣಗಳಲ್ಲಿ ಚಿಕ್ಕ ಹಲ್ಲನ್ನೂ ಸೇರಿಸಿದೆ. ಲಕ್ಷಣವೆಂದು ಆರಿಸಿ ತಂದದ್ದರಲ್ಲೇ ಎಷ್ಟು ಸಲ ಮುಂದಿನ ತಲೆಮಾರಿನ ಕೊರತೆಯೂ ಕುಳಿತು ಬಂತೋ, ಬಲ್ಲವರಾರು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ನನಗೆ ಪರಿಚಯವಿರುವ ಒಂದು ಮನೆ ಇದೆ. ಆ ಮನೆಯ ಮಗಳಿಗೆ ಮೇಲಿನ ಬಾಚಿಹಲ್ಲುಗಳ ಅಕ್ಕಪಕ್ಕದ ಎರಡು ಹಲ್ಲುಗಳು ಹುಟ್ಟಿರಲಿಲ್ಲ. ತುಟಿ ಮುಚ್ಚಿ ನಗುವುದನ್ನು ಅವಳಿಗೆ ಸಂಗೀತ ಕಲಿಸಿದಷ್ಟೇ ಶ್ರದ್ಧೆಯಿಂದ ಕಲಿಸಿದ್ದರು. ಹೆಣ್ಣು ನೋಡುವ ಮೊದಲು ದಂತವೈದ್ಯರಲ್ಲಿಗೆ ಕರೆದೊಯ್ದು ಎರಡು ಕಟ್ಟುಹಲ್ಲು ಹಾಕಿಸಿದರು. ಹಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ, ಮದುವೆಯಾಯಿತು. ಒಂಬತ್ತು ವರ್ಷದ ಮೇಲೆ ಅವಳ ಮಗನಿಗೆ ಅದೇ ಜಾಗದಲ್ಲಿ ಹಲ್ಲು ಬಾರದಿದ್ದಾಗ ಎಕ್ಸ್‌ರೇ ತೆಗೆಸಿದರು. ಒಳಗೆ ಮೊಳಕೆಯೇ ಇರಲಿಲ್ಲ. ಆಗ ಹಳೆಯ ಗುಟ್ಟು ಹೊರಬಿತ್ತು. “ನಿನ್ನ ತವರಿನಿಂದ ಇದನ್ನೇ ಏನು ತಂದದ್ದು?” ಎಂದು ಅತ್ತೆ ಕೇಳಿದರು. “ತಂದದ್ದೂ ಅಲ್ಲದೆ ಬಚ್ಚಿಟ್ಟಿರಿ” ಎಂದು ಮಾವ ಸೇರಿಸಿದರು. ವೈದ್ಯರು ಕುತೂಹಲಕ್ಕೆ ಮಗುವಿನ ತಂದೆಯ ಬಾಯನ್ನೂ ನೋಡಿದರು. ಅಲ್ಲಿ ಕೆಳದವಡೆಯ ಒಂದು ಮೂಲೆಯಲ್ಲಿ ಮೂವತ್ತೆಂಟು ವರ್ಷದ ಹಾಲುಹಲ್ಲೊಂದು ನೆಮ್ಮದಿಯಾಗಿ ಕುಳಿತಿತ್ತು.

ಇದನ್ನು ಕೇಳಿ ಸೊಸೆ ಗೆದ್ದಳೆಂದು ನಾವು ಹಿಗ್ಗಿದರೆ ಅದು ಅವಸರ. ಅಪರಾಧವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸಿದಂತಾಯಿತೇ ಹೊರತು ಅದು ಅಪರಾಧವೇ ಅಲ್ಲವೆಂದು ತೋರಿಸಿದಂತಾಗಲಿಲ್ಲ. ಗಂಡನ ಬಾಯಲ್ಲಿ 32 ಹಲ್ಲುಗಳೂ ಸಾಲಾಗಿ ನಿಂತಿದ್ದರೂ ಅವಳು ಅಷ್ಟೇ ನಿರಪರಾಧಿಯಾಗಿರುತ್ತಿದ್ದಳು. ನನಗೆ ಈ ಪ್ರಕರಣ ಮುಖ್ಯವಾಗುವುದು ಅಲ್ಲಿ ಬಂದ ಎರಡು ದೂರುಗಳಿಂದ: ತಂದೆ ಎಂಬುದೊಂದು, ಬಚ್ಚಿಟ್ಟೆ ಎಂಬುದೊಂದು. ಜನ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬೇರೆ ಬೇರೆಯಾಗಿ ತೂಗಬೇಕು.

ಮೊದಲನೆಯದನ್ನು ಬೇಗ ಮುಗಿಸಬಹುದು. ಕಾರಣವಾಗುವುದು ಬೇರೆ, ಹೊಣೆಯಾಗುವುದು ಬೇರೆ. ಮಳೆ ನೆರೆಗೆ ಕಾರಣ. ನಾವು ಮಳೆಯನ್ನು ಕಟಕಟೆಗೆ ಕರೆಯುವುದಿಲ್ಲ. ಹೊಣೆ ಹೊರಿಸಬೇಕಾದರೆ ತಿಳಿವಿರಬೇಕು, ಆಯ್ಕೆಯಿರಬೇಕು. ತನ್ನ ಎರಡು ಪ್ರತಿಗಳಲ್ಲಿ ಯಾವುದನ್ನು ಮಗುವಿಗೆ ಕೊಡಬೇಕೆಂದು ಯಾವ ತಾಯಿಯೂ ಆರಿಸಿಲ್ಲ, ಯಾವ ತಂದೆಯೂ ಆರಿಸಿಲ್ಲ. ಕೊಟ್ಟವಳು ತಾನೂ ಕೇಳದೆ ಪಡೆದವಳೇ. ನಮ್ಮ ಭಾಷೆಯ ‘ದೋಷ’ ಎಂಬ ಶಬ್ದ ಇಲ್ಲಿ ನಮಗೆ ಕೈಕೊಟ್ಟಿದೆ. ಕೊರತೆಗೂ ದೋಷ, ತಪ್ಪಿಗೂ ದೋಷ, ಜಾತಕದ ಕುಜನಿಗೂ ದೋಷ. ಒಂದೇ ಚೀಲದಲ್ಲಿ ತುಂಬಿದ ಮೇಲೆ ಕಾಳೂ ಕಲ್ಲೂ ಒಂದೇ ತೂಕಕ್ಕೆ ಬಿಕರಿಯಾಗುತ್ತವೆ. ಕನ್ನಡ ಕಲಿಸುವವನಾಗಿ ನಾನು ಕೇಳಿಕೊಳ್ಳುವುದಿಷ್ಟೆ: ಹಲ್ಲಿಲ್ಲದ್ದಕ್ಕೆ ‘ಕೊರತೆ’ ಎನ್ನಿ, ‘ದೋಷ’ವನ್ನು ಮನುಷ್ಯನು ಬೇಕೆಂದು ಮಾಡಿದ್ದಕ್ಕೆ ಮೀಸಲಿಡಿ.

ಎರಡನೆಯ ದೂರು ಅಷ್ಟು ಹಗುರವಲ್ಲ. ಯಾರೂ ಹೊಣೆಯಲ್ಲ ಎಂದ ಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ ಎಂದು ಕೆಲವರು ತೀರ್ಮಾನಿಸುತ್ತಾರೆ. ಇದು ಸರಿಯಲ್ಲ. ಪಡೆದುದಕ್ಕೆ ನಾವು ಹೊಣೆಯಲ್ಲದಿರಬಹುದು, ತಿಳಿದುದಕ್ಕೆ ಹೊಣೆಗಾರರೇ. ಆದರೆ ತಿಳಿದುದರ ಹೊಣೆಯೂ ಎಲ್ಲ ಕಡೆಯಲ್ಲೂ ಒಂದೇ ತೂಕದ್ದಲ್ಲ.

ಒಂದೆರಡು ಹಲ್ಲು ಇಲ್ಲದವರ ವಿಷಯವನ್ನೇ ತೆಗೆದುಕೊಳ್ಳಿ. ಅದರಿಂದ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ, ಬಾಳುವೆಗೆ ಭಂಗವಿಲ್ಲ. ಇದನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕೆಂದು ಯಾವ ಧರ್ಮವೂ ವಿಧಿಸಲಾರದು. ಕನ್ನಡಕದ ನಂಬರನ್ನು ಹೇಳುವಷ್ಟು ಸಹಜವಾಗಿ, ಬಾಳನ್ನು ಹಂಚಿಕೊಳ್ಳುವವರಿಗೆ ಹೇಳಿದರೆ ಆಯಿತು. ಸಿಂಧಿನ ಮನೆತನದ್ದು ಬೇರೆ ಮಾತು. ಬೆವರದ ಕೂಸಿಗೆ ಬೇಸಗೆಯ ಮಧ್ಯಾಹ್ನವೇ ಮೃತ್ಯುವಾಗಬಹುದು. ಕಾರಣ ತಿಳಿಯದ ಜ್ವರವೆಂದು ಔಷಧ ಕುಡಿಸುತ್ತ ಕುಳಿತರೆ ಕೈಮೀರುತ್ತದೆ, ತಿಳಿದಿದ್ದರೆ ಒಂದು ಒದ್ದೆ ಬಟ್ಟೆ, ತಂಪು ಕೋಣೆ ಜೀವ ಉಳಿಸುತ್ತದೆ. ಅಂಥ ಜೀನು ತನ್ನಲ್ಲಿದೆಯೆಂದು ತಿಳಿದ ತಾಯಿ ಅದನ್ನು ಗಂಡನಿಗೆ ಹೇಳಲೇಬೇಕು, ತಂಗಿಯರಿಗೂ ಹೇಳಬೇಕು. ಇಲ್ಲಿ ಮೌನದ ಬೆಲೆಯನ್ನು ತೆರುವುದು ಮಾತು ಬಾರದ ಮಗು.

ಮೂರನೆಯದು ಇನ್ನೂ ಸೂಕ್ಷ್ಮ. 2004ರಲ್ಲಿ ಫಿನ್‌ಲೆಂಡಿನ ಒಂದು ಕುಟುಂಬದ ಸಂಗತಿ ಪ್ರಕಟವಾಯಿತು. ಆ ಕುಟುಂಬದ ಹನ್ನೊಂದು ಮಂದಿಗೆ ಎಂಟಕ್ಕೆ ಕಡಮೆಯಿಲ್ಲದಂತೆ ಹಲ್ಲುಗಳು ಹುಟ್ಟಿರಲಿಲ್ಲ. ಅವರಲ್ಲಿ ಎಂಟು ಮಂದಿಗೆ ದೊಡ್ಡ ಕರುಳಿನ ಕ್ಯಾನ್ಸರೋ ಅದರ ಪೂರ್ವಸೂಚನೆಯೋ ಕಂಡುಬಂತು. ಆಕ್ಸಿನ್-2 ಎಂಬ ಒಂದೇ ಜೀನು ಎರಡಕ್ಕೂ ಕಾರಣ. ಒಂದೆರಡು ಹಲ್ಲು ಇಲ್ಲದ ಓದುಗರು ಗಾಬರಿಯಾಗಬೇಕಾಗಿಲ್ಲ. ಇದು ಬಹಳ ಅಪರೂಪ. ಆದರೆ ಅಂಥ ಮನೆತನದಲ್ಲಿ ಹುಟ್ಟಿದವನೊಬ್ಬನಿಗೆ ಇದು ತಿಳಿಯಿತೆನ್ನಿ. ಅವನು ತನ್ನ ತಮ್ಮನಿಗೆ ಹೇಳಬೇಕೆ? ಕೇಳಲು ತಮ್ಮನಿಗೆ ಮನಸ್ಸಿಲ್ಲದಿದ್ದರೆ? ಹೇಳಬೇಕೆಂದೇ ನನ್ನ ಮತ. ಕರುಳನ್ನು ಮೊದಲೇ ಪರೀಕ್ಷಿಸಿ ನೋಡಿದರೆ ಕ್ಯಾನ್ಸರನ್ನು ಮೊಳಕೆಯಲ್ಲೇ ಚಿವುಟಲು ಸಾಧ್ಯವಿದೆ. ಉಪಾಯವಿರುವ ಕಡೆ ಸುದ್ದಿ ತಿಳಿಸುವುದು ದಯೆ. ಯಾವ ಉಪಾಯವೂ ಇಲ್ಲದ ಕಡೆ ಕೇಳುವವನ ಇಚ್ಛೆಯನ್ನು ಕಾಯಬೇಕು.

ಹಾಗಾದರೆ ಆ ಮನೆಯವರು ಬಚ್ಚಿಟ್ಟುದು ತಪ್ಪೆ? ತುಸು ತಪ್ಪೇ. ಆದರೆ ಆ ತಪ್ಪಿನಲ್ಲಿ ಪಾಲುದಾರರು ಬಹಳ. ಎರಡು ಹಲ್ಲಿನ ಸತ್ಯಕ್ಕೆ ಒಂದು ಮದುವೆಯ ಬೆಲೆ ಕಟ್ಟಿದವರು ಯಾರು? ಸತ್ಯವನ್ನು ಅಷ್ಟು ದುಬಾರಿ ಮಾಡಿಟ್ಟ ಮೇಲೆ ಬಡವರು ಅದನ್ನು ಕೊಳ್ಳಲಿಲ್ಲವೆಂದು ಬಯ್ಯುವುದು ನ್ಯಾಯವಲ್ಲ. ಹೆಣ್ಣನ್ನು ನಡೆಸಿ, ಹಾಡಿಸಿ, ನಗಿಸಿ ಹಲ್ಲೆಣಿಸಿದವರು “ನಮಗೇಕೆ ಹೇಳಲಿಲ್ಲ?” ಎಂದು ಆಮೇಲೆ ಕೇಳುತ್ತಾರೆ. ಹೇಳುವವರ ಧೈರ್ಯ ಎಷ್ಟು ಬೇಕೋ ಕೇಳುವವರ ಸೌಜನ್ಯವೂ ಅಷ್ಟೇ ಬೇಕು.

ಈಚೆಗೆ ಇನ್ನೊಂದು ಬಗೆಯ ಮಾತನ್ನೂ ಕೇಳುತ್ತೇನೆ. ಹಿಂದೆ ‘ಹಣೆಬರಹ’ ಎನ್ನುತ್ತಿದ್ದ ಬಾಯಿಯೇ ಈಗ ‘ಜೀನು’ ಎನ್ನುತ್ತದೆ. ಶಬ್ದ ಬದಲಾಯಿತು, ಕೈಚೆಲ್ಲುವ ಭಂಗಿ ಬದಲಾಗಲಿಲ್ಲ. ಆದರೆ ಜೀನು ಹಣೆಬರಹವಲ್ಲ. ಒಂದೇ ಜೀನಿನ ಒಂದೇ ಬದಲಾವಣೆಯನ್ನು ಪಡೆದ ಅಣ್ಣನಿಗೆ ಎರಡು ಹಲ್ಲು, ತಂಗಿಗೆ ಏಳು ಹಲ್ಲು ಇಲ್ಲದಿರಬಹುದು. ಅಚ್ಚಿನಲ್ಲಿ ಒತ್ತಿದಂತಿರುವ ಅವಳಿಮಕ್ಕಳಲ್ಲೂ ಇಲ್ಲದ ಹಲ್ಲುಗಳ ಲೆಕ್ಕ ಒಂದೇ ಆಗಿರಬೇಕೆಂದಿಲ್ಲ. ಇನ್ನು ಆ ಬರಹವನ್ನು ತಿದ್ದುವ ಪ್ರಯತ್ನಗಳೂ ನಡೆದಿವೆ. ಸಿಂಧಿನ ಗಂಡಸರಂತೆ ಬೆವರದೆ ಹುಟ್ಟಬೇಕಾಗಿದ್ದ ಮೂರು ಗಂಡುಕೂಸುಗಳಿಗೆ ಜರ್ಮನಿಯ ವೈದ್ಯರು ಗರ್ಭದಲ್ಲಿರುವಾಗಲೇ ಇಲ್ಲದ ಪ್ರೋಟೀನನ್ನು ಸುತ್ತಣ ನೀರಿನೊಳಗೆ ಚುಚ್ಚಿ ಕೊಟ್ಟರು. ಆ ಮಕ್ಕಳು ಬೆವರಿದರೆಂದು 2018ರಲ್ಲಿ ವರದಿಯಾಯಿತು. ಮೊಳಕೆಯಲ್ಲೇ ನಿಂತ ಹಲ್ಲನ್ನು ಎಬ್ಬಿಸಬಹುದೆಂದು ಆಶಿಸುವ ಒಂದು ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಲು 2024ರಲ್ಲಿ ಜಪಾನಿನ ಕ್ಯೋಟೋದಲ್ಲಿ ಆರಂಭಿಸಿದರು.

ಇವು ಸಂತೋಷದ ಸುದ್ದಿಗಳೇ. ಬೆವರದ ಕೂಸು ಬೆವರಲಿ. ಅಗಿಯಲಾರದವನಿಗೆ ಅಗಿಯುವ ಭಾಗ್ಯ ಬರಲಿ. ಆದರೆ ಔಷಧ ಬಂದ ಮೇಲೆ ಅವಳ ಮೇಲಿನ ದೂರು ಇನ್ನಷ್ಟು ಬಿರುಸಾಗಬಹುದೆಂಬ ಭಯ ನನಗಿದೆ. ಇದುವರೆಗೆ “ತಂದೆ” ಎಂದವರು ನಾಳೆ “ಸರಿಪಡಿಸಿಕೊಳ್ಳಲಿಲ್ಲ” ಎಂದಾರು. ಉಪಾಯವಿದ್ದುದೆಲ್ಲ ಕರ್ತವ್ಯವೇ ಆಗಬೇಕೆಂದಿಲ್ಲ. ಆದಿಕಾಲದ ಸಸ್ತನಿಗಳ ಬಾಯಲ್ಲಿ 44 ಹಲ್ಲುಗಳಿದ್ದುವೆನ್ನುತ್ತಾರೆ. ಆ ಲೆಕ್ಕದಲ್ಲಿ ನಾವೆಲ್ಲರೂ ಹನ್ನೆರಡು ಹಲ್ಲು ಕಡಮೆಯವರೇ. ಯಾವ ಅಭಾವ ಬಾಳನ್ನು ಕುಂಠಿಸುತ್ತದೆ, ಯಾವುದು ನೋಡುವವರ ಕಣ್ಣನ್ನು ಮಾತ್ರ ಚುಚ್ಚುತ್ತದೆ ಎಂಬುದನ್ನು ಎಣಿಕೆ ಹೇಳಲಾರದು, ಬಾಯುಳ್ಳವರನ್ನೇ ಕೇಳಬೇಕು.

ಆ ಮನೆಯ ಹುಡುಗನಿಗೆ ಈಗ ಹನ್ನೆರಡು ವರ್ಷ. ದಂತವೈದ್ಯರು ಹದಿನೆಂಟಾಗುವವರೆಗೆ ಕಾಯಬೇಕೆಂದಿದ್ದಾರಂತೆ. ಅದುವರೆಗೆ ಅವನು ಇದ್ದ ಹಲ್ಲಿನಲ್ಲೇ ನಗಬೇಕು. ತುಟಿ ಮುಚ್ಚಿ ನಗುವುದನ್ನು ಈ ಸಲ ಯಾರೂ ಅವನಿಗೆ ಕಲಿಸದಿದ್ದರೆ, ಆ ಮನೆಯವರು ಬಹಳ ಮಟ್ಟಿಗೆ ತಮ್ಮ ಹೊಣೆಯನ್ನು ಹೊತ್ತಂತೆ ಎಂದು ನಾನು ಭಾವಿಸುತ್ತೇನೆ.